ಚಾಲೀಸಾ ಬರದ ಊರಿನಲ್ಲಿ ಮೂರು ದಿನ

ಲಖನೌ ಎಂದೊಡನೆ ನಮ್ಮಲ್ಲಿ ಅನೇಕರ ಮನಸ್ಸಿಗೆ ಬರುವುದು ಕಬಾಬು, ಚಿಕನ್ ಕಸೂತಿಯ ಬಿಳಿಯ ಕುರ್ತಾ, ಮತ್ತು ‘ಮೊದಲು ತಾವು, ಮೊದಲು ತಾವು’ ಎಂದು ಉಪಚಾರ ಮಾಡುತ್ತಲೇ ರೈಲು ತಪ್ಪಿಸಿಕೊಂಡ ಇಬ್ಬರು ನವಾಬರ ನಗೆಹನಿ. ಸುಖಲೋಲುಪತೆಗೆ ಪರ್ಯಾಯಪದವೆಂಬಂತೆ ಆ ಊರಿನ ಹೆಸರು ಬಳಕೆಯಾಗುತ್ತದೆ. ಆದರೆ ಅಲ್ಲಿಯ ಅತಿ ಹೆಸರುವಾಸಿಯಾದ ಕಟ್ಟಡವೂ, ಊರು ಬಹಳ ಹೆಮ್ಮೆಯಿಂದ ಹೇಳಿಕೊಳ್ಳುವ ಅಡುಗೆಯ ಬಗೆಯೂ ತಮ್ಮ ಹುಟ್ಟನ್ನು ಒಂದು ಘೋರ ಬರಗಾಲದೊಡನೆ ಜೋಡಿಸಿಕೊಂಡಿವೆ. ಕಟ್ಟಡದ ಮಟ್ಟಿಗೆ ಈ ಮಾತನ್ನು ಇತಿಹಾಸಕಾರರು ಒಪ್ಪುತ್ತಾರೆ. ಅಡುಗೆಯ ಮಟ್ಟಿಗೆ ಅದು ಬಹುಪಾಲು ಕಥೆ. ಎರಡನ್ನೂ ಜೊತೆಗಿಟ್ಟು ನೋಡಿದಾಗ ನಮಗೆ ತೋಚಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ದೀಪಾವಳಿ ಕಳೆದು ಕಾರ್ತಿಕ ಕಾಲಿಟ್ಟ ವಾರದಲ್ಲಿ, ಇಬ್ಬರೂ ಕಚೇರಿಗೆ ಮೂರು ದಿನದ ರಜೆ ಬರೆದುಕೊಟ್ಟು, ನಮ್ಮವರೂ ನಾವೂ ದೆಹಲಿಯಿಂದ ಬೆಳಗಿನ ಶತಾಬ್ದಿಯಲ್ಲಿ ಹೊರಟೆವು. ಮಕ್ಕಳು ಹಾಸ್ಟೆಲು ಸೇರಿದ ಮೇಲೆ ಇಬ್ಬರೇ ಕೈಗೊಂಡ ಮೊದಲ ಪ್ರವಾಸವಿದು. ಶರದೃತುವಿನ ಕೊನೆಯ ಆ ದಿನಗಳಲ್ಲಿ ಗೋಮತಿಯ ದಂಡೆಯ ಮೇಲೆ ಬೆಳಗ್ಗೆ ಇಬ್ಬನಿ, ಮಧ್ಯಾಹ್ನ ಮೆದುವಾದ ಬಿಸಿಲು. ಹಜರತ್‌ಗಂಜಿನಲ್ಲಿ ತಂಗಿ, ಪ್ರತಿದಿನ ನಸುಕಿನಲ್ಲೇ ಹಳೆಯ ಊರಾದ ಚೌಕಿಗೆ ಹೋಗುವುದೆಂದು ನಿಶ್ಚಯಿಸಿದ್ದೆವು. ನಮ್ಮದು ಸಸ್ಯಾಹಾರ, ನಮ್ಮವರಿಗೆ ಆ ಕಟ್ಟುಪಾಡಿಲ್ಲ. ಹೀಗಾಗಿ ಊರಿನ ಊಟವನ್ನು ಇಬ್ಬರೂ ಹಂಚಿಕೊಂಡೇ ತಿಳಿದೆವು.

ಮೊದಲು ಬರದ ಸಂಗತಿ. 1783-84ರಲ್ಲಿ ದೆಹಲಿಯ ಸೀಮೆಯಿಂದ ಅವಧದವರೆಗೆ ಮಳೆ ಕೈಕೊಟ್ಟು ಉತ್ತರ ಭಾರತ ತತ್ತರಿಸಿತು. ಆ ಬರವನ್ನು ಅಲ್ಲಿಯ ಜನ ಕರೆದದ್ದು ‘ಚಾಲೀಸಾ’ ಎಂದು. ಚಾಲೀಸ ಎಂದರೆ ನಲವತ್ತು. ವಿಕ್ರಮ ಸಂವತ್ 1840ರ ಬರವದು. ಅದೇ ರೀತಿ 1899-1900ರ ಬರ ರಾಜಸ್ಥಾನದ ಬಾಯಲ್ಲಿ ‘ಛಪ್ಪನಿಯಾ’, ಏಕೆಂದರೆ ಅದು ಸಂವತ್ 1956. ನಮ್ಮ ನಾಡಿನಲ್ಲಿಯೂ 1876-78ರ ಬರಕ್ಕೆ ಹಿರಿಯರು ‘ಧಾತು ಈಶ್ವರ ಬರ’ ಎಂದೇ ಹೇಳುತ್ತಿದ್ದರು: ಧಾತು ಸಂವತ್ಸರದಲ್ಲಿ ಹಿಡಿದು ಈಶ್ವರ ಸಂವತ್ಸರದಲ್ಲಿ ಕೊಂದದ್ದು. ಭಾಷೆ ಬೇರೆಯಾದರೂ, ಶಕೆ ಬೇರೆಯಾದರೂ, ಹಸಿವಿಗೆ ಪಂಚಾಂಗದಿಂದಲೇ ಹೆಸರಿಡುವ ಪದ್ಧತಿ ಮಾತ್ರ ಒಂದೇ.

ಅವಧದ ನವಾಬ ಆಸಫುದ್ದೌಲಾ 1775ರಲ್ಲಿ ತನ್ನ ರಾಜಧಾನಿಯನ್ನು ಫೈಜಾಬಾದಿನಿಂದ ಲಖನೌಗೆ ತಂದಿದ್ದ. ಬರ ಹಿಡಿದಾಗ, 1784ರಲ್ಲಿ, ಆತ ಆರಂಭಿಸಿದ ಕಾಮಗಾರಿಯೇ ಬಡಾ ಇಮಾಮ್‌ಬಾಡಾ. ಮೊಹರಮಿನ ಶೋಕಾಚರಣೆಗೆಂದು ಕಟ್ಟಿದ ಈ ಭವನಕ್ಕೂ ಪಕ್ಕದ ರೂಮಿ ದರವಾಜಾಕ್ಕೂ ಸಾವಿರಾರು ಜನ ದುಡಿದರು; ದುಡಿದವರಿಗೆ ಅನ್ನ ಸಿಕ್ಕಿತು. ನಡುವಣ ಅಂಗಳದ ಉದ್ದ ಸುಮಾರು 50 ಮೀಟರು, ಅಗಲ 16, ಎತ್ತರ 15. ಇಷ್ಟು ವಿಶಾಲವಾದ ಚಾವಣಿಗೆ ಒಂದೇ ಒಂದು ಕಂಬವಿಲ್ಲ, ತೊಲೆಯಿಲ್ಲ. ‘ಲಖೌರಿ’ ಎಂಬ ತೆಳ್ಳನೆಯ ಚಿಕ್ಕ ಇಟ್ಟಿಗೆ ಹಾಗೂ ಸುಣ್ಣದ ಗಾರೆ, ಇಷ್ಟರಲ್ಲೇ ಕಮಾನು ನಿಂತಿದೆ. ಮೇಲಿನ ‘ಭೂಲಭುಲೈಯಾ’ ಎಂಬ ದಾರಿತಪ್ಪಿಸುವ ಓಣಿಗಳು ಪ್ರವಾಸಿಗಳಿಗೆ ಆಟವಾಗಿ ಕಂಡರೂ, ಗೋಡೆಗಳನ್ನು ಪೊಳ್ಳಾಗಿಸಿ ಭಾರ ತಗ್ಗಿಸುವ ಉಪಾಯವೂ ಅವುಗಳಲ್ಲಿದೆ.

ಅಂಗಳದ ಆ ತುದಿಯಲ್ಲಿ ನಿಂತ ಮಾರ್ಗದರ್ಶಿ ಬೆಂಕಿಕಡ್ಡಿ ಗೀರಿದ. ಈ ತುದಿಯ ಮೊಗಸಾಲೆಯಲ್ಲಿದ್ದ ನಮಗೆ ಅದರ ಸದ್ದು ಕಿವಿಯ ಬಳಿಯೇ ಕೇಳಿಸಿತು. ನಮ್ಮವರು ವಿಜಯಪುರದ ಕಡೆಯವರು. ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಬಾಲ್ಯ ಕಳೆದವರಿಗೆ ಇಂಥ ಚಮತ್ಕಾರ ಹೊಸದಲ್ಲ. ಅವರು ಸದ್ದಿಗೆ ತಲೆದೂಗಿ, ‘ನಮ್ಮ ಗುಮ್ಮಟಾ ಒಬ್ಬ ಸುಲ್ತಾನನ ಗೋರಿಗಂತ ಕಟ್ಟಿದ್ದು. ಇದನ್ನ ಹಸಿದವರಿಗಂತ ಕಟ್ಟಿದ್ರು ಅಂತಾರಲ್ಲ, ಅದು ಎಷ್ಟು ಖರೆ ಐತಿ ನೋಡಬೇಕು’ ಎಂದರು. ಆಸಫುದ್ದೌಲಾ ಸಹ 1797ರಲ್ಲಿ ತೀರಿಕೊಂಡ ಬಳಿಕ ಇದೇ ಅಂಗಳದಲ್ಲಿ ಮಣ್ಣಾದ. ಹಸಿದವರ ಕೂಲಿಯಿಂದ ಎದ್ದ ಭವನ ಕೊನೆಗೆ ಅರಸನ ಗೋರಿಯೂ ಆಯಿತು.

ಅವರ ಪ್ರಶ್ನೆಗೆ ಊರು ಕೊಡುವ ಉತ್ತರ ಒಂದು ಕಥೆಯ ರೂಪದಲ್ಲಿದೆ. ಹಗಲಿನಲ್ಲಿ ಸಾಮಾನ್ಯ ಕೂಲಿಕಾರರು ಗೋಡೆ ಏರಿಸುತ್ತಿದ್ದರಂತೆ. ರಾತ್ರಿಯ ಕತ್ತಲಲ್ಲಿ ಮತ್ತೊಂದು ತಂಡ ಬಂದು, ಕಟ್ಟಿದ್ದರಲ್ಲಿ ಒಂದಷ್ಟನ್ನು ಕೆಡವುತ್ತಿತ್ತಂತೆ. ಈ ಎರಡನೆಯ ತಂಡದವರು ಕುಲೀನ ಮನೆತನದವರು. ಬರದಲ್ಲಿ ಅವರ ಮನೆಯ ಒಲೆಯೂ ಆರಿತ್ತು, ಆದರೆ ಕೈಯೊಡ್ಡಲು ಮಾನ ಅಡ್ಡಬಂದಿತ್ತು. ಮುಖ ಕಾಣದ ಕತ್ತಲಲ್ಲಿ ದುಡಿದು, ಹೆಸರು ಬರೆಸದೆ ಕೂಲಿ ಪಡೆದು, ಬೆಳಕು ಹರಿಯುವ ಮುನ್ನ ಮನೆ ಸೇರುತ್ತಿದ್ದರಂತೆ. ದೇವರು ಕೊಡದವನಿಗೂ ಆಸಫುದ್ದೌಲಾ ಕೊಡುತ್ತಾನೆಂಬ ಗಾದೆ ಇಂದಿಗೂ ಲಖನೌದಲ್ಲಿದೆ.

ಕೆಡವುವ ಕೆಲಸಕ್ಕೆ ಕೂಲಿ ಕೊಟ್ಟನೆಂಬುದನ್ನು ಅಕ್ಷರಶಃ ನಂಬುವುದು ಕಷ್ಟ. ಆದರೆ ಹಾಜರಿಪಟ್ಟಿಯೂ ಬಿಲ್ಲುಗಳೂ ತುಂಬಿದ ಸರಕಾರಿ ಕಚೇರಿಯಲ್ಲಿ ಎರಡು ದಶಕ ಕಳೆದಿರುವ ನಮಗೆ ಆ ಕಥೆಯ ಒಂದು ಅಂಶ ಮನಸ್ಸಿನಲ್ಲಿ ಉಳಿಯಿತು. ಹೊಟ್ಟೆಗೆ ಹಾಕುವುದರ ಜೊತೆಗೆ ಹಸಿದವನ ಮಾನವನ್ನೂ ಕಾಯುವುದು ಅರಸನ ಕರ್ತವ್ಯವೆಂದು ಆ ಊರಿನ ಜನ ಭಾವಿಸಿದ್ದರು. ಹಾಗೆ ಭಾವಿಸಿದ್ದರಿಂದಲೇ ಇಂಥ ಕಥೆ ಹುಟ್ಟಿ, ಎರಡು ಶತಮಾನ ಬಾಳಿತು.

ಅಡುಗೆಯ ಕಥೆಯೂ ಇಲ್ಲಿಂದಲೇ ಕವಲೊಡೆಯುತ್ತದೆ. ಹಗಲಿರುಳೂ ದುಡಿಯುವ ಕೂಲಿಕಾರರಿಗೆಂದು ಅಕ್ಕಿ, ಮಾಂಸ, ತರಕಾರಿ, ಮಸಾಲೆಗಳನ್ನು ದೊಡ್ಡ ಹಂಡೆಗಳಿಗೆ ತುಂಬಿ, ಮುಚ್ಚಳದ ಅಂಚಿಗೆ ಕಣಕ ಮೆತ್ತಿ, ಸಣ್ಣ ಉರಿಯಲ್ಲಿ ಇಡುತ್ತಿದ್ದರಂತೆ. ಒಂದು ದಿನ ಮುಚ್ಚಳ ತೆಗೆದಾಗ ಎದ್ದ ಘಮಕ್ಕೆ ನವಾಬ ಮಾರುಹೋಗಿ ಅದನ್ನು ಅರಮನೆಗೆ ತರಿಸಿದನಂತೆ. ಹೀಗೆ ‘ದಮ್ ಪುಖ್ತ್’ ಹುಟ್ಟಿತಂತೆ. ಕೇಳಲು ಇಂಪಾದರೂ ಇದು ನಿಲ್ಲುವ ಮಾತಲ್ಲ. ಅದಕ್ಕೂ ಎರಡು ಶತಮಾನ ಹಿಂದೆ, ಅಕ್ಬರನ ಕಾಲದಲ್ಲಿ ಅಬುಲ್ ಫಜಲ್ ಬರೆದ ‘ಆಯಿನ್-ಎ-ಅಕ್ಬರಿ’ಯ ಅಡುಗೆಗಳ ಪಟ್ಟಿಯಲ್ಲಿಯೇ ದಮ್ ಪುಖ್ತ್ ಎಂಬ ಹೆಸರಿದೆ. ಅರಮನೆಯ ಅಡುಗೆ ಬರದ ಹಂಡೆಗೆ ಇಳಿದಿರಬಹುದೇ ಹೊರತು, ಬರದ ಹಂಡೆಯಿಂದ ಹುಟ್ಟಿದ್ದಲ್ಲ. ಕೊರತೆಯಿಂದ ರುಚಿ ಹುಟ್ಟಿದ ನಿಜವಾದ ನಿದರ್ಶನ ಬೇಕಾದರೆ ಬೆಂಗಳೂರಿನತ್ತ ತಿರುಗಬಹುದು: ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ಸಿಗದಾದಾಗ ರವೆಯಿಂದ ಇಡ್ಲಿ ಮಾಡಿ ನೋಡಿದೆವೆಂದು ಎಂ.ಟಿ.ಆರ್. ಹೇಳಿಕೊಳ್ಳುತ್ತ ಬಂದಿದೆ. ದೆಹಲಿಯ ನಮ್ಮ ಅಡುಗೆಮನೆಯಲ್ಲಿ ವಾರಕ್ಕೊಮ್ಮೆ ಬೇಯುವ ರವೆ ಇಡ್ಲಿಯನ್ನು ಅಂದಿನಿಂದ ಬೇರೆ ಕಣ್ಣಿನಿಂದ ನೋಡುತ್ತಿದ್ದೇವೆ.

ಬೀದಿಯಲ್ಲಿ ಉಂಡದ್ದನ್ನೂ ಹೇಳಬೇಕು. ಚೌಕಿನ ಟುಂಡೇ ಕಬಾಬಿಯಲ್ಲಿ ನಮ್ಮವರು ಬಾಯಿಗಿಟ್ಟರೆ ಕರಗುವ ಗಲಾವಟಿ ಕಬಾಬು ತಿಂದರು. 1905ರಲ್ಲಿ ಆರಂಭವಾದ ಆ ಅಂಗಡಿಗೆ ಆ ಹೆಸರು ಬಂದದ್ದು ಒಂದೇ ಕೈಯಿದ್ದ ಅದರ ಮೂಲಪುರುಷ ಹಾಜಿ ಮುರಾದ್ ಅಲಿಯಿಂದ. ನಮ್ಮ ಪಾಲಿಗೆ ಬಂದದ್ದು ಕೇಸರಿಹಾಲಿನ ಶೀರ್‌ಮಾಲ್, ಖಸ್ತಾ ಕಚೋರಿ, ಎಲ್ಲಕ್ಕಿಂತ ಮಿಗಿಲಾಗಿ ಗೋಲ್ ದರವಾಜಾದ ಬಳಿಯ ‘ನಿಮಿಷ್’. ಕಾಯಿಸಿದ ಹಾಲನ್ನು ರಾತ್ರಿಯಿಡೀ ಬಯಲಿನ ಇಬ್ಬನಿಗೆ ಒಡ್ಡಿ, ಬೆಳಗಿನ ಜಾವ ಕಡೆದು, ಮೇಲೆದ್ದ ನೊರೆಯನ್ನಷ್ಟೇ ತೆಗೆದು ದೊನ್ನೆಗೆ ಹಾಕುತ್ತಾರೆ. ನಾಲಗೆಯ ಮೇಲೆ ಅದು ಇತ್ತು ಎನ್ನುವಷ್ಟರಲ್ಲಿ ಇಲ್ಲ. ಬಿಸಿಲೇರಿದರೆ ಇಳಿದುಹೋಗುವ ಈ ತಿನಿಸು ಚಳಿ ಕಾಲಿಡುವ ಕಾರ್ತಿಕದಿಂದ ಕೆಲವು ತಿಂಗಳು ಮಾತ್ರ ದೊರೆಯುತ್ತದೆ. ಕಾಶಿಯಲ್ಲಿ ಇದೇ ‘ಮಲೈಯೊ’, ದೆಹಲಿಯಲ್ಲಿ ‘ದೌಲತ್ ಕೀ ಚಾಟ್’.

ಲಖನೌದ ಈ ಬದುಕನ್ನು ಅಬ್ದುಲ್ ಹಲೀಮ್ ಶರರ್ ಕಳೆದ ಶತಮಾನದ ಆರಂಭದಲ್ಲಿ ಉರ್ದುವಿನಲ್ಲಿ ದಾಖಲಿಸಿದರು. ನಾವು ಓದಿದ್ದು ಅದರ ಇಂಗ್ಲಿಷ್ ಅನುವಾದವನ್ನು. ಅವರು ಹೇಳುವ ಒಂದು ಪ್ರಸಂಗದಲ್ಲಿ, ಆಸಫುದ್ದೌಲಾನ ಬಳಿ ಉದ್ದಿನಬೇಳೆಯೊಂದನ್ನೇ ಮಾಡುವ ಬಾಣಸಿಗನೊಬ್ಬ ಕೆಲಸಕ್ಕೆ ಸೇರುತ್ತಾನೆ. ಬೇಳೆ ಸಿದ್ಧವಾದೊಡನೆ ನವಾಬ ಊಟಕ್ಕೆ ಬರಬೇಕೆಂಬುದು ಆತನ ಷರತ್ತು. ಕರೆದರೂ ನವಾಬ ಮಾತಿನಲ್ಲಿ ಮೈಮರೆತು ಏಳದಿದ್ದಾಗ, ಆತ ಬೇಳೆಯನ್ನು ಒಣಗಿದ ಮರದ ಬುಡಕ್ಕೆ ಸುರಿದು ಹೊರಟುಹೋಗುತ್ತಾನೆ. ಆ ಮರ ಚಿಗುರುತ್ತದೆ. ಇಲ್ಲಿಯೂ ಉಣಿಸುವವನಿಗೊಂದು ಮಾನವಿದೆ, ಅರಸನೂ ಅದನ್ನು ಮೀರುವಂತಿಲ್ಲ.

ಇಷ್ಟರಿಂದ ಆಸಫುದ್ದೌಲಾನನ್ನು ಧರ್ಮಪ್ರಭುವೆಂದು ಹೊಗಳಿ ಮುಗಿಸುವಂತಿಲ್ಲ. ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಶೆರಿಡನ್ನನ ನಾಟಕ ಓದಿದವರಿಗೆ ಆತನ ಮತ್ತೊಂದು ಖ್ಯಾತಿಯ ನೆನಪಿರಬಹುದು. 1787ರ ಫೆಬ್ರವರಿಯಲ್ಲಿ ಆತ ಬ್ರಿಟಿಷ್ ಸಂಸತ್ತಿನಲ್ಲಿ ಐದು ಗಂಟೆಗೂ ಮೀರಿ ಮಾತನಾಡಿದ್ದು ಅವಧದ ಬೇಗಮರ ಕುರಿತು. ಕಂಪನಿಯ ಸಾಲದ ಬಾಕಿ ತೀರಿಸಲೆಂದು, ವಾರನ್ ಹೇಸ್ಟಿಂಗ್ಸನ ಒತ್ತಾಯದಿಂದ, ಆಸಫುದ್ದೌಲಾ 1782ರಲ್ಲಿ ಫೈಜಾಬಾದಿನಲ್ಲಿ ತನ್ನ ತಾಯಿ ಹಾಗೂ ಅಜ್ಜಿಯ ಭಂಡಾರವನ್ನೇ ಕಸಿದುಕೊಟ್ಟಿದ್ದ. ಬೇಗಮರ ಹಿರಿಯ ಸೇವಕರು ಸೆರೆಯಾದರು. ಜನಾನಾದ ಹೆಂಗಸರು ಅನ್ನಕ್ಕಾಗಿ ಗೋಳಿಟ್ಟರೆಂಬುದು ಹೇಸ್ಟಿಂಗ್ಸನ ಮೇಲಿನ ಆರೋಪಗಳಲ್ಲೊಂದಾಯಿತು. 1795ರಲ್ಲಿ ಹೇಸ್ಟಿಂಗ್ಸ್ ಬಿಡುಗಡೆ ಹೊಂದಿದ. ರಾತ್ರಿಯ ಕತ್ತಲಲ್ಲಿ ಪರರ ಮಾನ ಕಾಯ್ದ ಅರಸ, ಎರಡು ವರ್ಷ ಮೊದಲು ಹೆತ್ತ ತಾಯಿಯ ಮಾನ ಕಾಯಲಿಲ್ಲ. ಈ ಸಂಗತಿಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಅದು ಸ್ತುತಿಯೋ ನಿಂದೆಯೋ ಆದೀತು.

ಹೀಗಿದ್ದರೂ ಆ ಕತ್ತಲ ಕೂಲಿಯ ಕಥೆಗೆ ಬೆಲೆ ಬರುವುದು ಮುಂದಿನ ಶತಮಾನದ ಬರವನ್ನು ಪಕ್ಕದಲ್ಲಿಟ್ಟಾಗ. ಧಾತು ಈಶ್ವರ ಬರದಲ್ಲಿ ಸರಕಾರದ ಪ್ರತಿನಿಧಿಯಾಗಿ ದಕ್ಷಿಣಕ್ಕೆ ಬಂದ ಸರ್ ರಿಚರ್ಡ್ ಟೆಂಪಲ್, ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಧಾನ್ಯ, ಮೇಲೊಂದು ಆಣೆ ಸಾಕೆಂದು ವಿಧಿಸಿದ. ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್, ಇಷ್ಟರಲ್ಲಿ ಮಣ್ಣು ಹೊರುವ ಮನುಷ್ಯ ಬದುಕಲಾರನೆಂದು ಪ್ರತಿಭಟಿಸಿದರು. 1877ರ ಆರಂಭದಲ್ಲಿ ಮುಂಬಯಿ ಪ್ರಾಂತದ ಕೂಲಿಕಾರರು ಕಾಮಗಾರಿಯನ್ನೇ ತೊರೆದು ನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರ ನಿಂತಿತು. ನಮ್ಮವರ ಪೂರ್ವಿಕರ ಸೀಮೆಯಾದ ಅಂದಿನ ಕಲಾದಗಿ ಜಿಲ್ಲೆ ಆ ಪ್ರಾಂತದಲ್ಲಿಯೇ ಇತ್ತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಐವತ್ತು ಲಕ್ಷ ದಾಟಿತ್ತು. 1881ರ ಗಣತಿಯಲ್ಲಿ ಅದು ಸುಮಾರು 42 ಲಕ್ಷಕ್ಕೆ ಕುಸಿದಿತ್ತು.

ಟೆಂಪಲ್ ಕ್ರೂರಿಯಾಗಿದ್ದನೆಂದಲ್ಲ, ಮೂರು ವರ್ಷ ಮೊದಲು ಬಿಹಾರದ ಬರದಲ್ಲಿ ಧಾರಾಳವಾಗಿ ವೆಚ್ಚಮಾಡಿ ಜನರನ್ನು ಉಳಿಸಿ, ಅದಕ್ಕಾಗಿಯೇ ಟೀಕೆಗೊಳಗಾದವನು ಆತ. ಬದಲಾದದ್ದು ಆಡಳಿತದ ದೃಷ್ಟಿ. ನೆರವು ಕೇಳಲು ಬಂದವನು ನಿಜಕ್ಕೂ ಹಸಿದಿದ್ದಾನೆಯೇ ಎಂದು ಪರೀಕ್ಷಿಸುವುದು ಮುಖ್ಯವಾಯಿತು. ಕೆಲಸ ಕಠಿಣವಾಗಿರಬೇಕು, ದೂರವಿರಬೇಕು, ಕೂಲಿ ಕನಿಷ್ಠವಾಗಿರಬೇಕು. ಆ ದೃಷ್ಟಿ ಪೂರ್ತಿ ಅಳಿಯಲು ಬಹಳ ಕಾಲ ಹಿಡಿಯಿತು. 1972ರ ಬರದ ತರುವಾಯ ಮಹಾರಾಷ್ಟ್ರ ಉದ್ಯೋಗ ಖಾತರಿಯ ಕಾಯಿದೆ ಮಾಡಿದಾಗ, 2005ರಲ್ಲಿ ಕೇಂದ್ರ ಅದನ್ನು ದೇಶಕ್ಕೇ ವಿಸ್ತರಿಸಿದಾಗ, ಕೂಲಿ ಎಂಬುದು ಭಿಕ್ಷೆಯಲ್ಲ, ಹಕ್ಕು ಎಂಬ ಮಾತು ಕಾನೂನಿನ ಭಾಷೆಗೆ ಬಂತು. ಹಕ್ಕಾದ ಮೇಲೆ ಮುಖ ಮರೆಸಿಕೊಳ್ಳುವ ಕತ್ತಲೆ ಬೇಕಾಗುವುದಿಲ್ಲ. ಆದರೆ ಹಾಜರಿಪಟ್ಟಿಯ ಮುಂದೆ ಸಾಲಾಗಿ ನಿಂತವನ ಮುಖವನ್ನು ನೋಡುವ ಕಣ್ಣು ನಮ್ಮಂಥವರಿಗೆ ಇನ್ನೂ ಪೂರ್ತಿ ಬಂದಿಲ್ಲ.

ಮೂರನೆಯ ದಿನ ಛೋಟಾ ಇಮಾಮ್‌ಬಾಡಾ ನೋಡಿದೆವು. ನವಾಬ ಮುಹಮ್ಮದ್ ಅಲಿ ಶಾಹನ ಕಾಲದ ಈ ಭವನಕ್ಕೆ ಸೇರಿದ ಹುಸೇನಾಬಾದ್ ದತ್ತಿಯ ಅಡುಗೆಮನೆ ಇಂದಿಗೂ ರಮಜಾನಿನಲ್ಲಿ ಬಡವರಿಗೂ ಮಸೀದಿಗಳಿಗೂ ಊಟ ಕಳಿಸುತ್ತದೆ. ನಾವು ಹೋದದ್ದು ರಮಜಾನಿನ ಕಾಲವಲ್ಲ. ರಮಜಾನಿನಲ್ಲಿ ಬೇರೆ ಊರಿನವರು ಬಂದರೂ ಊಟ ಸಿಗುತ್ತದೆಯೇ ಎಂದು ನಮ್ಮವರು ಅಲ್ಲಿದ್ದ ಮುದುಕ ಕಾವಲುಗಾರನನ್ನು ಕೇಳಿದರು. ‘ಹಸಿದು ಬಂದವರನ್ನು ಯಾವ ಊರೆಂದು ಕೇಳುವ ರೂಢಿ ಇಲ್ಲಿಲ್ಲ, ಜನಾಬ್’ ಎಂದು ಆತ ಉತ್ತರಿಸಿದ.