ಬಲ್ಲವರಿಲ್ಲದ ಲಿಪಿ

ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು. ಅದೇ ಇಂದಿನ ಲಕ್ಷ್ಮೇಶ್ವರ. ಇಂಥ ಊರಿನ ಹೆಸರನ್ನೇ ಗಣಕಯಂತ್ರವು ತಪ್ಪಿ ಓದುವುದುಂಟೆಂದರೆ ವಾಚಕರಿಗೆ ಸೋಜಿಗವಾದೀತು. ಆದರೆ ಲಿಪಿಯ ತೊಡಕು ಈ ಸೀಮೆಗೆ ಹೊಸದಲ್ಲ.

1947ಕ್ಕೆ ಮುಂಚೆ ಗದಗು, ಮುಂಡರಗಿಗಳು ಮುಂಬಯಿ ಪ್ರಾಂತದಲ್ಲಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಪೇಟೆಯ ಮಾತು ಕನ್ನಡ. ಮರಾಠಿ ಸಂಸ್ಥಾನಗಳ ದಫ್ತರಗಳಲ್ಲಿ ಮೋಡಿ ಲಿಪಿ. ಮೋಡಿ ಬಾರದವನು ಕಾಗದವನ್ನು ಕೆಳಗಿಟ್ಟು ಬಲ್ಲವನನ್ನು ಹುಡುಕುತ್ತಿದ್ದನು. ಯಂತ್ರಕ್ಕೆ ಆ ಸಂಕೋಚವಿಲ್ಲ. ತನಗೆ ತಿಳಿಯದ್ದನ್ನೂ ಅದು ಓದಿಯೇ ತೀರುತ್ತದೆ.

ಯಂತ್ರವು ಬಲ್ಲುದು ಅಂಕಿಗಳನ್ನು ಮಾತ್ರ. ಯಾವ ಅಂಕಿಗೆ ಯಾವ ಅಕ್ಷರವೆಂಬುದು ಒಡಂಬಡಿಕೆಯ ಮಾತು. 1991ರಲ್ಲಿಯೇ ಭಾರತದ 'ಇಸ್ಕಿ' ಮತ್ತು ಜಗತ್ತಿನ 'ಯೂನಿಕೋಡ್' ಎಂಬ ಎರಡು ಒಡಂಬಡಿಕೆಗಳು ಕನ್ನಡಕ್ಕೆ ಎಡೆಕೊಟ್ಟವು. ಆದರೆ ಮುದ್ರಣಾಲಯ, ಕಚೇರಿಗಳಲ್ಲಿ ಬೇರೂರಿದ್ದು ಮತ್ತೊಂದು ದಾರಿ: ರೋಮನ್ ಅಕ್ಷರಗಳ ಅಂಕಿಗಳಿಗೇ ಕನ್ನಡದ ರೂಪ ತೊಡಿಸಿದ ಫಾಂಟುಗಳು. 'ಬರಹ', 'ನುಡಿ'ಗಳ ಹಳೆಯ ಕಡತಗಳು ಇಂಥವು. ಫಾಂಟು ಕಳಚಿತೋ, ಕನ್ನಡವೂ ಕಳಚಿತು.

ಯೂನಿಕೋಡ್ ಬಂದ ಮೇಲೂ ತಕರಾರು ತೀರಲಿಲ್ಲ. 'ಲಕ್ಷ್ಮೇಶ್ವರ' ಕಣ್ಣಿಗೆ 4 ಅಕ್ಷರ. ಯೂನಿಕೋಡಿನಲ್ಲಿ 11 ಸಂಕೇತ. 1992ರಲ್ಲಿ ರೂಪುಗೊಂಡ ಯುಟಿಎಫ್-8 ಪದ್ಧತಿಯಲ್ಲಿ 33 ಬೈಟು. ವಿಂಡೋಸಿನ ಪಾಶ್ಚಾತ್ಯ ಪಟ್ಟಿಯು ಬೈಟಿಗೊಂದು ಅಕ್ಷರವೆಂದು ಓದುವುದರಿಂದ, ಊರಿನ ಹೆಸರು ತಲೆಯ ಮೇಲೆ ಓರೆಗೀಟು ಹೊತ್ತ ರೋಮನ್ 'ಎ'ಗಳ ಸಾಲಾಗುತ್ತದೆ. 1995ರಲ್ಲಿ ಹೊರಬಂದ ಜಾವಾ ಭಾಷೆ ತನ್ನೊಳಗೆ ಯೂನಿಕೋಡನ್ನೇ ಇಟ್ಟುಕೊಂಡಿತ್ತು. ಆದರೆ ಕಡತ ಓದುವಾಗ, ಬೇರೆ ಅಪ್ಪಣೆ ಇಲ್ಲದಿದ್ದರೆ, ಯಂತ್ರದ ಕಾರ್ಯಾಚರಣ ವ್ಯವಸ್ಥೆಯ ಪದ್ಧತಿಯನ್ನೇ ನಂಬುತ್ತಿತ್ತು. ಒಂದೇ ಕ್ರಮವಿಧಿ ಲಿನಕ್ಸಿನಲ್ಲಿ ಸರಿಯಾಗಿ ಓದಿ, ವಿಂಡೋಸಿನಲ್ಲಿ ತೊದಲುತ್ತಿತ್ತು. 2022ರಲ್ಲಿ ಜಾವಾ 18 ಬಂದಾಗಲೇ ಯುಟಿಎಫ್-8 ಅದರ ರೂಢಿಯಾಯಿತು.

ಹಳಗನ್ನಡ ಪಾಠ ಹೇಳುವ ನನ್ನನ್ನು ಹೆಚ್ಚು ಚುಚ್ಚಿದ್ದು ಇನ್ನೊಂದು ಸಂಗತಿ. ನಮ್ಮ 'ೞ'ಕಾರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ 'ಫ' ಎಂಬ ತಪ್ಪು ಹೆಸರು ಬಿದ್ದಿದೆ. ಇಟ್ಟ ಹೆಸರನ್ನು ಅಳಿಸಬಾರದೆಂಬ ನಿಯಮದಿಂದ ಅದು ಹಾಗೆಯೇ ಉಳಿದು, ಪಕ್ಕದಲ್ಲಿ ತಿದ್ದಿದ ಹೆಸರೊಂದು ಸೇರಿದೆ.

ಇದು ಪಂಡಿತರ ಜಗಳವೆಂದು ತಳ್ಳಿಹಾಕುವಂತಿಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳು ಮುಂಡರಗಿ ಕಡೆಯ ಹಂತಿಪದಗಳನ್ನು ಸಂಗ್ರಹಿಸಿ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿಸಿದ್ದಳು. ಹಾಡಿದ ಅಜ್ಜ ತೀರಿಕೊಂಡ ಮೇಲೆ ಕಡತ ತೆರೆದರೆ ಕಂಡದ್ದು ರೋಮನ್ ಅಕ್ಷರಗಳ ರಾಶಿ! ಯಾವ ಫಾಂಟಿನದೆಂದು ತಿಳಿದ ಬಳಿಕವೇ ಪದಗಳು ಬಹುಮಟ್ಟಿಗೆ ಮರಳಿದವು. ಅಂಕಿಗಳು ಅಳಿದಿರಲಿಲ್ಲ; ಅವನ್ನು ಓದುವ ಬಗೆ ಮರೆತಿತ್ತು.

ಮನೆ, ಮಠ, ಶಾಲೆಗಳಲ್ಲಿ ಇಂಥ ಕಡತಗಳಿದ್ದವರು ಮೂಲ ಪ್ರತಿಯನ್ನು ಕಾದಿಟ್ಟುಕೊಂಡು, ಫಾಂಟಿನ ಹೆಸರನ್ನು ಬರೆದಿಟ್ಟು, ಯೂನಿಕೋಡಿಗೆ ಈಗಲೇ ಪರಿವರ್ತಿಸುವುದು ಲೇಸು. ಮೋಡಿ ಬಲ್ಲವರು ವಿರಳವಾದಂತೆ ಆ ಫಾಂಟುಗಳನ್ನು ಬಲ್ಲವರೂ ವಿರಳವಾಗುತ್ತಿದ್ದಾರೆ.