ಒಗರು ಇಳಿಯುವಷ್ಟು ಕಾಲ

ಗೆಳೆಯರು ಹಳೆಯ ಕೆಂಪು ವೈನಿನ ನಾಲ್ಕಾರು ಬಾಟಲಿ ಮುಂದಿಟ್ಟುಕೊಂಡು, ಒಂದೊಂದೇ ಗುಟುಕು ಹೋಲಿಸುತ್ತ ಹರಟುವುದನ್ನು ನಾವು ಪರದೇಶದ ಶೋಕಿ ಎಂದೇ ಬಗೆಯುತ್ತೇವೆ. ಕಮತಗಿಯಿಂದ ಐಹೊಳೆ, ಪಟ್ಟದಕಲ್ಲು, ಬಾದಾಮಿಯವರೆಗಿನ ಮಲಪ್ರಭೆಯ ಸೀಮೆಯ ಚರಿತ್ರೆ ತಿರುವಿ ಹಾಕಿದರೆ ಆ ಮಾತು ಅರ್ಧ ಮಾತ್ರ ನಿಜ. ಕೂಡಿ ಕುಡಿಯುವ, ಕುಡಿದದ್ದರ ಗುಣ ಎಣಿಸುವ ಗೋಷ್ಠಿ ಈ ನಾಡಿಗೆ ಹಳೆಯದು. ಇಲ್ಲದಿದ್ದದ್ದು, ಅದನ್ನು ವರ್ಷಗಟ್ಟಲೆ ಮುಚ್ಚಿಟ್ಟು ಕಾಯುವ ರೂಢಿ. ಅದಕ್ಕೆ ಕಾರಣವನ್ನು ಧರ್ಮದಲ್ಲಿ ಹುಡುಕುವವರೇ ಹೆಚ್ಚು. ನನಗೆ ಅದು ಬಿಸಿಲಿನಲ್ಲೂ ಈಚಲ ಮರದಲ್ಲೂ ಕಾಣುತ್ತದೆ.

ಬಾದಾಮಿಯ ಮೂರನೆಯ ಗುಹೆ ಕ್ರಿ.ಶ. 578ರದು; ಮಂಗಳೇಶನ ಶಾಸನವೇ ಅದಕ್ಕೆ ಸಾಕ್ಷಿ. ವಿಷ್ಣುವಿಗೆ ಮೀಸಲಾದ ಆ ಗುಹೆಯಲ್ಲೇ, ಕಂಬಗಳ ಮೇಲಿನ ಜೋಡಿಶಿಲ್ಪಗಳ ನಡುವೆ, ಮದವೇರಿ ಜೋಲುವ ಹೆಣ್ಣನ್ನು ಗಂಡು ಆತು ಹಿಡಿದ ನೋಟವಿದೆ. 941ರ ಹೊತ್ತಿಗೆ ಪಂಪನು ವಿಕ್ರಮಾರ್ಜುನ ವಿಜಯದಲ್ಲಿ ಪಾನಗೋಷ್ಠಿಯೊಂದನ್ನು ವಿವರವಾಗಿ ಚಿತ್ರಿಸಿದ: ಗಿಳಿ, ಅಂಚೆ, ಕೋಗಿಲೆಗಳ ಆಕಾರದ ಬಟ್ಟಲುಗಳು, ಗುಟುಕರಿಸುವ ಮೊದಲು ಮಧುವಿಗೆ ಪೂಜೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನಂತೂ 1129ರ ಮಾನಸೋಲ್ಲಾಸದಲ್ಲಿ ಮದಿರಾಪಾನವನ್ನು ಚದುರಂಗ, ಪಗಡೆಗಳ ಸಾಲಿನಲ್ಲಿ ಒಂದು ಕ್ರೀಡೆಯಾಗಿಯೇ ಸೇರಿಸಿದ. ಇದೆಲ್ಲ ಕವಿಸಮಯ, ಕಾವ್ಯಲಕ್ಷಣ ಬರೆದ ದಂಡಿಯು ಮಹಾಕಾವ್ಯದ ವರ್ಣನೆಗಳಲ್ಲಿ ಮಧುಪಾನವನ್ನೂ ಎಣಿಸಿದ್ದರಿಂದ ಕವಿಗಳು ಬರೆದರು ಅಷ್ಟೆ, ಎಂದು ಆಕ್ಷೇಪಿಸಬಹುದು. ಪದ್ಧತಿಗಾಗಿ ಬರೆದರು ಎಂಬುದು ಸರಿ. ಆದರೆ ದಂಡಿಯ ಪಟ್ಟಿಯಲ್ಲಿರುವುದು ಮಧುಪಾನವೆಂಬ ಒಂದು ಮಾತು. ಯಾವ ಹಕ್ಕಿಯ ಆಕಾರದ ಬಟ್ಟಲು, ಯಾವುದಾದ ಮೇಲೆ ಯಾವುದು ಎಂಬ ಲೆಕ್ಕ ಅಲ್ಲಿಂದ ಬರುವುದಿಲ್ಲ. ಲಕ್ಷಣಗ್ರಂಥ ಓದದ ಶಿಲ್ಪಿಯ ಉಳಿಗೂ ಈ ವಿಷಯ ಗೊತ್ತಿತ್ತಲ್ಲ.

ಹಾಗಾದರೆ ಬಟ್ಟಲಲ್ಲಿ ಇದ್ದದ್ದೇನು? ದ್ರಾಕ್ಷಿಯ ಮದ್ಯವನ್ನೇ ಮಧು ಎಂದು ಕರೆದ ಅರ್ಥಶಾಸ್ತ್ರ, ಅದಕ್ಕೆ ಕಾಪಿಶಾಯನ, ಹಾರಹೂರಕ ಎಂಬ ಹೆಸರುಗಳು ಹುಟ್ಟಿದ ಸೀಮೆಯಿಂದ ಬಂದವೆನ್ನುತ್ತದೆ. ಊರಿನ ಹೆಸರು ನೋಡಿ ಮದ್ಯದ ತೂಕ ಕಟ್ಟುವ ಚಾಳಿ ಫ್ರಾನ್ಸಿನವರೊಬ್ಬರದೇ ಅಲ್ಲ. ಆದರೆ ಆ ಸೀಮೆಗಳು ದೂರದ ವಾಯವ್ಯದವು. ಇಲ್ಲಿಯ ಜನರ ಕೈಗೆ ಸಿಕ್ಕಿದ್ದು ಸಿಂದಿ. ರಾತ್ರಿ ಈಚಲ ಮರಕ್ಕೆ ಕಟ್ಟಿದ ಗಡಿಗೆಯನ್ನು ನಸುಕಿನಲ್ಲಿ ಇಳಿಸಿದರೆ ರಸ ಸಿಹಿ. ಹೊತ್ತೇರಿದಂತೆ ನೊರೆಗಟ್ಟಿ ಅಮಲು. ಇಳಿಹೊತ್ತಿಗೆ ಮೂಗಿಗೆ ಹೊಡೆಯುವ ಹುಳಿ. ಕುಡಿಯುವವರು ಇದರ ವಯಸ್ಸನ್ನೂ ಹೋಲಿಸಿಯೇ ಹೋಲಿಸಿದರು, ಗಂಟೆಗಳ ಲೆಕ್ಕದಲ್ಲಿ. ನಾಳೆಗೆ ಹುಳಿಯಾಗುವುದನ್ನು ಮೊಮ್ಮಗನ ಮದುವೆಗೆಂದು ಯಾರು ಹೂತಿಡುತ್ತಾರೆ? ಜೈನರ, ಶರಣರ ನಿಷೇಧವೇ ಈ ಕಲೆಯನ್ನು ಚಿಗುರಲ್ಲೇ ಚಿವುಟಿತು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಹೆಂಡ ಮಾರುವ ಕಾಯಕದವನಾದ ಹೆಂಡದ ಮಾರಯ್ಯ ಬಸವಣ್ಣನ ಕಾಲದ ಶರಣನೇ, ವಚನಕಾರನೇ. ನಿಷೇಧ ಕುಡಿತವನ್ನು ಮರೆಗೆ ತಳ್ಳಿರಬಹುದು, ಈಚಲ ರಸ ಹುಳಿಯುವ ವೇಗವನ್ನೇನೂ ಬದಲಿಸಲಿಲ್ಲ.

ಇದಕ್ಕೊಂದು ಗಟ್ಟಿಯಾದ ಎದುರುಮಾತಿದೆ, ಅದನ್ನು ಒಪ್ಪಲೇಬೇಕು. ಹೊಸ ಮದ್ಯ ಜಡ, ಹಳೆಯದು ಹಗುರ ಎಂದು ಚರಕಸಂಹಿತೆ ಹೇಳಿದೆ; ಆಸವಗಳು ಹಳೆಯದಾದಷ್ಟೂ ಗುಣ ಹೆಚ್ಚು ಎಂಬುದು ವೈದ್ಯಗ್ರಂಥಕಾರ ಶಾರ್ಙ್ಗಧರನ ಮತ. ಅಂದರೆ ಮಾಗಿಸುವ ತಿಳಿವಳಿಕೆ ಇತ್ತು, ದ್ರಾಕ್ಷಾಸವದ ಭರಣಿಯೂ ಇತ್ತು. ಆದರೆ ಅದು ಪಂಡಿತರ ಕಪಾಟಿಗೆ ಸೇರಿ ಔಷಧವಾಯಿತು. ಊಟವಾದ ಮೇಲೆ ಎರಡು ಚಮಚ ಕುಡಿದು ಬಾಯಿ ಒರೆಸಿಕೊಳ್ಳುವವರು ಹೋದ ವರ್ಷದ ಆಸವದೊಡನೆ ಹೋಲಿಸಿ ಹರಟುವುದಿಲ್ಲ. ಮಾಗಿದ್ದು ಒಂದು ಕಡೆ, ಗೋಷ್ಠಿ ಇನ್ನೊಂದು ಕಡೆ ಉಳಿದುಬಿಟ್ಟವು.

ಇವೆರಡೂ ಒಂದೇ ಮೇಜಿಗೆ ಬಂದದ್ದು ತೀರ ಈಚೆಗೆ. ನಂದಿಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ದ್ರಾಕ್ಷಿತೋಟ 1988ರಲ್ಲಿ ಶುರುವಾಯಿತು. ಕರ್ನಾಟಕದ ವೈನ್ ನೀತಿ 2007ರದು, ಅದು ಈ ಸೀಮೆಯೂ ಸೇರಿದ ಕೃಷ್ಣಾ ಕಣಿವೆಯನ್ನೂ ಲೆಕ್ಕಕ್ಕೆ ಹಿಡಿಯಿತು. ಆದರೆ ನಂದಿಯ ತೋಟಗಳು ಸುಮಾರು 900 ಮೀಟರ್ ಎತ್ತರದಲ್ಲಿದ್ದರೆ ಬಾಗಲಕೋಟೆ 530ರ ಆಸುಪಾಸು. ಇಲ್ಲಿಯ ಬಿಸಿಲಿಗೆ ಹಣ್ಣಿನ ಸಿಹಿ ಬೇಗ ಏರಿ ಹುಳಿ ಕರಗುತ್ತದೆ. ಹೆಚ್ಚಿನ ತೋಟಗಳಲ್ಲಿರುವುದು ಥಾಮ್ಸನ್ ಸೀಡ್‌ಲೆಸ್: ತಿನ್ನಲು, ಒಣದ್ರಾಕ್ಷಿಗೆ ಒಳ್ಳೆಯದು, ಆದರೆ ಬಿಳಿ ಹಣ್ಣು. ಕೆಂಪು ವೈನ್ ವರ್ಷಗಳನ್ನು ತಾಳಬೇಕಾದರೆ ಕಪ್ಪು ಸಿಪ್ಪೆಯ ಒಗರು ಬೇಕು, ಹುಳಿ ಬೇಕು, ಹನ್ನೆರಡು ಹದಿನೈದು ಡಿಗ್ರಿಯ ತಂಪು ಬೇಕು. ಮೇ ತಿಂಗಳ ಹುನಗುಂದದಲ್ಲಿ ಆ ತಂಪು ಕರೆಂಟ್ ಇದ್ದಷ್ಟು ಹೊತ್ತು ಮಾತ್ರ.

ಮಾತಿನ ಬಡತನವಂತೂ ನಮಗಿಲ್ಲ. ಇಂಗ್ಲಿಷಿನವರು ಟ್ಯಾನಿನ್ ಎಂದು ವಿವರಿಸುತ್ತ ಕೂರುವುದನ್ನು ಅಡಕೆ ಜಗಿದ ಯಾವ ಬಾಯಿಯಾದರೂ ಒಗರು ಎಂದು ಒಂದೇ ಮಾತಿನಲ್ಲಿ ಹೇಳೀತು. ಬಾಟಲಿಯ ತಳಕ್ಕಿಳಿದದ್ದು ಗಸಿ. ಎರಡು ಲೋಟಗಳನ್ನು ಬಿಳಿ ಕಾಗದದ ಮೇಲೆ ಓರೆ ಹಿಡಿದು ನೋಡಿದರೆ ಎಳೆಯ ವೈನಿನ ಅಂಚು ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ಹದಿನೈದು ವರ್ಷ ಕಂಡದ್ದರ ಅಂಚು ಕಂದಿ, ತೆಳುವಾಗಿ, ಸಂಜೆಯ ಬಾದಾಮಿ ಬಂಡೆಯ ಕೆಂಪಿಗೆ ತಿರುಗಿರುತ್ತದೆ. ಪಟ್ಟದಕಲ್ಲಿಗೆ ಕಿಸುವೊಳಲ್, ಕೆಂಪು ಪಟ್ಟಣ, ಎಂದು ಹೆಸರಿಟ್ಟವರಿಗೆ ಆ ಬಣ್ಣವನ್ನು ತೋರಿಸಿಕೊಡಬೇಕಾಗಿರಲಿಲ್ಲ.