ಬೋರ್ಡಿನಲ್ಲಿ ವೈನ್, ತೊಟ್ಟೆಯಲ್ಲಿ ಸಾರಾಯಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ - ಈ ಮೂರೂ ಪೇಟೆಗಳಲ್ಲಿ 'ವೈನ್ಸ್' ಎಂಬ ಬೋರ್ಡು ನೋಡುತ್ತಲೇ ನಾವು ದೊಡ್ಡವರಾದೆವು. ಒಳಗೆ ಮಾರಾಟವಾಗುವುದು ಹೆಚ್ಚಾಗಿ ಬ್ರಾಂದಿ, ವಿಸ್ಕಿ, ರಮ್ಮು. ನಿಜವಾದ ದ್ರಾಕ್ಷಿ ವೈನ್ ಮೇಲಿನ ಕಪಾಟಿನಲ್ಲಿ ಧೂಳು ಹಿಡಿದಿರುತ್ತದೆ. ಬೋರ್ಡಿಗೆ ಹೆಸರು ಕೊಟ್ಟ ಪಾನೀಯವೇ ಜನರ ಕೈಗೆಟುಕದೆ ಉಳಿದದ್ದು ಹೇಗೆ? ಕೇಳುತ್ತಾ ಹೋದರೆ ಸಿಗುವುದು ಪೊಟ್ಟಣದ ಚರಿತ್ರೆ.

ನಮ್ಮೂರಿನ ಹಳೆಯ ಮದ್ಯ ಕಳ್ಳು. ಮೂರ್ತೆದಾರರು ಮರದಿಂದ ಇಳಿಸಿದ ಕಳ್ಳಿಗೆ ಬಾಟಲಿ, ಲೇಬಲ್ ಬೇಕಿರಲಿಲ್ಲ, ಅದಕ್ಕೇ ಅಗ್ಗ. ಆದರೆ ಬೆಳಿಗ್ಗೆ ಸಿಹಿಯಾಗಿದ್ದದ್ದು ಮರುದಿನಕ್ಕೆ ಹುಳಿ. ದೂರ ಹೋಗಬೇಕಾದ, ಬಹುಕಾಲ ಉಳಿಯಬೇಕಾದ ಪಾನೀಯಕ್ಕೆ ಒಳ್ಳೆಯ ಪಾತ್ರೆ ಬೇಕು, ಪಾತ್ರೆಗೆ ದುಡ್ಡು ಬೇಕು.

ವೈನ್ ಮಾಡುವವರು ಈ ಲೆಕ್ಕವನ್ನು ಎರಡು ದಾರಿಯಲ್ಲಿ ಬಿಡಿಸಿದರು. ಮೊದಲನೆಯದು ಬೆರಕೆ. ಫ್ರಾನ್ಸಿನ ಬೋರ್ಡೊದಲ್ಲಿ ಕ್ಯಾಬರ್ನೆ ದ್ರಾಕ್ಷಿಯ ವೈನಿಗೆ ಶಿರಾಜ್ ಬೆರೆಸಿದರೆ ಲೇಬಲ್ಲಿನಲ್ಲಿ ಆ ಊರಿನ ಹೆಸರು ಹಾಕುವಂತಿಲ್ಲ. ಆಸ್ಟ್ರೇಲಿಯದವರು ಅದನ್ನು ಧಾರಾಳವಾಗಿ ಬೆರೆಸಿದರು. ನಮ್ಮ ನಂದಿಬೆಟ್ಟದ ತಪ್ಪಲಿನಲ್ಲಿ 1988ರಲ್ಲಿ ಶುರುವಾದ ಗ್ರೋವರ್ ಕಂಪನಿಯ 'ಲಾ ರಿಸರ್ವ್' ಕೂಡ ಇದೇ ಎರಡರ ಬೆರಕೆ. ಒಂದು ದ್ರಾಕ್ಷಿಯ ಕೊರತೆಯನ್ನು ಇನ್ನೊಂದು ತುಂಬುವುದರಿಂದ ಒಂದೇ ತಳಿಯ ಹಣ್ಣಿಗೆ ಜೋತು ಬೀಳಬೇಕಿಲ್ಲ.

ಎರಡನೆಯದು ಪೊಟ್ಟಣ. 1965ರಲ್ಲಿ ದಕ್ಷಿಣ ಆಸ್ಟ್ರೇಲಿಯದ ಥಾಮಸ್ ಆಂಗೋವ್ ರಟ್ಟಿನ ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ಚೀಲವಿಟ್ಟು ವೈನ್ ತುಂಬುವ ವಿಧಾನಕ್ಕೆ ಪೇಟೆಂಟ್ ಪಡೆದರು. ಆಮೇಲೆ ಅದಕ್ಕೊಂದು ನಲ್ಲಿಯೂ ಸೇರಿತು. ವೈನ್ ಇಳಿದಂತೆ ಚೀಲ ಕುಗ್ಗುತ್ತದೆ, ಒಳಗೆ ಗಾಳಿ ಸೇರುವುದಿಲ್ಲ. ತೆರೆದ ಬಾಟಲಿ ಕೆಲವೇ ದಿನಗಳಲ್ಲಿ ಕೆಟ್ಟರೆ ಇದು ವಾರಗಟ್ಟಲೆ ಉಳಿಯುತ್ತದೆ. ಗಾಜಿನ ಭಾರವಿಲ್ಲ, ಒಡೆಯುವ ಭಯವೂ ಇಲ್ಲ.

ಪ್ಲಾಸ್ಟಿಕ್ ಚೀಲ ನಮ್ಮೂರಿಗೂ ಬಂತು. ಆದರೆ ಅದರೊಳಗಿದ್ದದ್ದು ಸಾರಾಯಿ. ದಿನಗೂಲಿಯ ಚಿಲ್ಲರೆಗೆ ಸರಿಹೊಂದುವ ಅಳತೆ, ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಬಹುದಾದ ತೊಟ್ಟೆ. ಅದರ ಬೆಲೆ ತೆತ್ತವರು ಮನೆಯ ಹೆಂಗಸರು, ಮಕ್ಕಳು. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ 1982ರಲ್ಲಿ ಆರಂಭವಾದ ಗ್ರಾಮಾಭಿವೃದ್ಧಿ ಯೋಜನೆಯು ಮುಂದೆ ಮದ್ಯವರ್ಜನ ಶಿಬಿರಗಳ ಕೆಲಸಕ್ಕೂ ಇಳಿಯಬೇಕಾಯಿತು.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದೇ ವರ್ಷ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂದಿತು. ಎರಡೂ ಒಟ್ಟಿಗೆ ಬಂದ ಆ ಹೊತ್ತಿನಲ್ಲಿ ದಾರಿ ಬದಲಾಗಬಹುದಿತ್ತು. ಆದರೆ ತೊಟ್ಟೆ ತೆರವು ಮಾಡಿದ ಜಾಗವನ್ನು ಹಿಡಿದದ್ದು 90 ಮತ್ತು 180 ಮಿಲಿ ಟೆಟ್ರಾ ಪ್ಯಾಕಿನ ಅಗ್ಗದ ವಿಸ್ಕಿ, ರಮ್ಮು. ವೈನಿನಲ್ಲಿ ಆಲ್ಕೋಹಾಲ್ ಸುಮಾರು ಶೇ. 12ರಿಂದ 14; ಈ ಪ್ಯಾಕಿನೊಳಗಿನದರಲ್ಲಿ ಶೇ. 42.8.

ಹಾಗೆಂದು ಎಲ್ಲರೂ ವೈನ್ ಕುಡಿಯಲಿ ಎಂದು ನಾವು ಹೇಳುತ್ತಿಲ್ಲ. ಮೂಡುಬಿದಿರೆ ಸಾವಿರ ಕಂಬದ ಬಸದಿಯ ಊರು; ಜೈನ ಶ್ರಾವಕರ ಮೂಲಗುಣಗಳಲ್ಲಿ ಮದ್ಯತ್ಯಾಗವೂ ಒಂದು. ಕುಡಿಯದವರ ಮಾತಿಗೆ ನಮ್ಮಲ್ಲಿ ತೂಕವಿದೆ. ನಮ್ಮ ತಕರಾರು ಇಷ್ಟೇ: ಮದ್ಯವನ್ನು ಅಗ್ಗ ಮಾಡುವ ವಿದ್ಯೆ ನಮಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಚೆನ್ನಾಗಿಯೇ ಗೊತ್ತಿತ್ತು. ಅದನ್ನು ಎರಡು ಸಲವೂ ಅತಿ ಗಟ್ಟಿಯಾದ ಮದ್ಯಕ್ಕೇ ಬಳಸಿದೆವು. ಬಸ್‌ಸ್ಟ್ಯಾಂಡಿನ ಚರಂಡಿಯಲ್ಲಿ ಬಿದ್ದಿರುವ ಖಾಲಿ ಪ್ಯಾಕುಗಳೇ ಇದಕ್ಕೆ ಸಾಕ್ಷಿ.